ಕೂತು ನೋಡದೆ ಕೊಟ್ಟ ವೆಬ್‌ಸೈಟ್

ನಾಚಿಕೆ ಎನ್ನುವುದು ನನ್ನ ಹತ್ತಿರ ಸುಳಿಯಲು ಹೆದರುತ್ತಿತ್ತು. ಇದು ನನ್ನ ಮಾತಲ್ಲ, ನೂರಾರು ಜನ ಹೇಳಿದ್ದಾರೆ. ಅಕ್ಕನ ಲೆಕ್ಕದಲ್ಲಿ ಹತ್ತು ಜನ. ನಾನು ಏನು ಹೇಳಿದರೂ ಅವಳು ಅದನ್ನು ಹತ್ತರಿಂದ ಭಾಗಿಸಿಯೇ ಕಿವಿಗೆ ಹಾಕಿಕೊಳ್ಳುತ್ತಾಳೆ. ಐವತ್ತು ಜನ ಸಾಲು ನಿಂತಿದ್ದರು ಎಂದರೆ, "ಐದು ಜನ ಇದ್ರಾ? ಪರವಾಗಿಲ್ವೇ" ಎನ್ನುತ್ತಾಳೆ. ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವುದು ನಿಂತು ಎಷ್ಟೋ ಕಾಲವಾಯಿತು; ಎಲ್ಲರಿಗೂ ನಾನು 'ಹತ್ತುಪಟ್ಟು'. ಆ ಹೆಸರನ್ನೂ ನಾನು ಬಿರುದಿನ ಹಾಗೆಯೇ ಹೊತ್ತುಕೊಂಡು ತಿರುಗುತ್ತಿದ್ದೆ.

ನನ್ನ ಕೆಲಸ ಒಂದು ಮುದ್ರಣದ ಅಂಗಡಿಯಲ್ಲಿ. ವಿಸಿಟಿಂಗ್ ಕಾರ್ಡು, ಅಂಗಡಿ ಬೋರ್ಡು, ಬ್ಯಾನರು. ನನ್ನ ಕೈಯಲ್ಲಿ ಹಾದುಹೋದ ಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಿದರೆ ಹಾರುವ ಹದ್ದು ಅದಕ್ಕೆ ಡಿಕ್ಕಿ ಹೊಡೆದು ಬೀಳಬೇಕು. ಹಾಗಿರುವಾಗ ಅಕ್ಕನ ಅಂಗಡಿಗೆ ಒಂದು ವೆಬ್‌ಸೈಟ್ ಬೇಕು ಎಂಬ ಮಾತು ಬಂದ ಕೂಡಲೇ ನಾನಲ್ಲದೆ ಇನ್ಯಾರು ಎದ್ದು ನಿಲ್ಲಬೇಕಿತ್ತು?

ಅಕ್ಕನದು ಬೆತ್ತದ ಕುರ್ಚಿ ರಿಪೇರಿ. ಕೂತು ಕೂತು ಹರಿದು ಜೋತುಬಿದ್ದ ಹೆಣಿಗೆಯನ್ನು ಬಿಚ್ಚಿ, ಚೌಕಟ್ಟಿನ ತೂತುಗಳಲ್ಲಿ ಸಿಕ್ಕಿಕೊಂಡ ಹಳೆಯ ಚೂರುಗಳನ್ನು ದಬ್ಬಳದಿಂದ ತಳ್ಳಿ ತೆಗೆದು, ನೀರಿನಲ್ಲಿ ನೆನೆಸಿದ ಹೊಸ ಬೆತ್ತವನ್ನು ಉದ್ದಕ್ಕೆ, ಅಡ್ಡಕ್ಕೆ, ಆಮೇಲೆ ಓರೆಗೆ ಹೆಣೆಯುತ್ತಾಳೆ. ಅಂಗಡಿಗೆ ಎರಡು ಕೋಣೆ. ಹಿಂದಿನ ಕೋಣೆಯಲ್ಲಿ ಬೆತ್ತ ನೆನೆಯುವ ತೊಟ್ಟಿ. ಮುಂದಿನ ಕೋಣೆಯಲ್ಲಿ ಬೀದಿಗೆ ಕಾಣುವ ದೊಡ್ಡ ಗಾಜಿನ ಕಿಟಕಿ. ಅದರ ಪಕ್ಕದ ಬೆಳಕಿನಲ್ಲಿ ಕೂತೇ ಅವಳು ಇಪ್ಪತ್ತು ವರ್ಷ ಹೆಣೆದದ್ದು. ಇದನ್ನು ಹತ್ತರಿಂದ ಭಾಗಿಸಬೇಡಿ, ನಿಜವಾಗಿಯೂ ಇಪ್ಪತ್ತು.

ಆ ಅಂಗಡಿಯಲ್ಲಿ ಒಂದು ಕಟ್ಟಳೆಯಿದೆ. ರಿಪೇರಿಯಾದ ಯಾವ ಕುರ್ಚಿಯೂ ಕೂತು ನೋಡದೆ ಹೊರಗೆ ಹೋಗುವಂತಿಲ್ಲ. ಕೂರುವುದೆಂದರೆ ಹೀಗೆ ಕೂತು ಹಾಗೆ ಏಳುವುದಲ್ಲ. ಒಂದು ಲೋಟ ಬಿಸಿ ಚಹಾ ಕೈಗೆ ತೆಗೆದುಕೊಂಡು, ಅದು ಮುಗಿಯುವ ತನಕ, ಪೂರ್ತಿ ಭಾರ ಬಿಟ್ಟು ಕೂರಬೇಕು. ಅದೂ ಹೆಣೆದವರೇ ಕೂರಬೇಕು. ಗಿರಾಕಿ ಎಷ್ಟೇ ಅವಸರ ಮಾಡಲಿ, ಅಕ್ಕ ಅವನ ಎದುರೇ ಅವನ ಕುರ್ಚಿಯಲ್ಲಿ ಕೂತು ನಿಧಾನವಾಗಿ ಚಹಾ ಕುಡಿಯುತ್ತಾಳೆ. "ಕೂತಾಗ ಹೇಳೋದನ್ನ ಕುರ್ಚಿ ನಿಂತಾಗ ಹೇಳಲ್ಲ" ಎನ್ನುತ್ತಾಳೆ.

ಆದರೆ ಪ್ಲಾಸ್ಟಿಕ್ ಕುರ್ಚಿಗಳ ಕಾಲದಲ್ಲಿ ಹರಿದ ಬೆತ್ತ ಯಾರಿಗೆ ಬೇಕು? ಕೆಲಸ ಕಡಿಮೆಯಾಯಿತು. ಪಕ್ಕದ ಅಂಗಡಿಯ ಬೀಗದವನಿಗೆ ಜಾಗ ಸಾಲದು. ಅವನು ಮುಂದಿನ ಕೋಣೆಯನ್ನು ತನಗೆ ಬಿಟ್ಟುಕೊಡಿ ಎಂದು ಕೇಳಿದ. ಅಕ್ಕ ಯೋಚಿಸಿ ಹೇಳಿದಳು: "ಮೂರು ತಿಂಗಳು ನೋಡ್ತೀನಿ. ಕೆಲಸ ಬಂದ್ರೆ ಕಿಟಕಿ ನಂದು. ಬರದಿದ್ರೆ ನಾನು ಹಿಂದಿನ ಕೋಣೆಗೆ ಹೋಗ್ತೀನಿ, ಲೈಟು ಹಾಕ್ಕೊಂಡು ಹೆಣೀತೀನಿ."

ಆ ಮೂರು ತಿಂಗಳಿಗಾಗಿಯೇ ವೆಬ್‌ಸೈಟಿನ ಮಾತು ಬಂದದ್ದು.

"ಒಂದು ಸಂಜೆ ಸಾಕು ಅಕ್ಕಾ. ದೊಡ್ಡ ದೊಡ್ಡ ಕಂಪನಿಯವ್ರು ಇದಕ್ಕೆ ನಲವತ್ತು ಜನ ಇಟ್ಕೋತಾರೆ. ನಾನೊಬ್ಬನೇ ಮುಗಿಸ್ತೀನಿ."

"ನಾಲ್ಕು ಜನದ ಕೆಲಸ ಅಂತಾಯ್ತು," ಎಂದಳು ಅಕ್ಕ. "ನೋಡಪ್ಪ, ನಂಗೆ ಜಾಸ್ತಿ ಏನೂ ಬೇಡ. ಅಂಗಡಿ ಎಲ್ಲಿದೆ, ಫೋನ್ ನಂಬರ್ ಏನು, ನಾಲ್ಕು ಕುರ್ಚಿ ಫೋಟೋ. ಅಕ್ಷರ ದಪ್ಪಗಿರಲಿ, ಬೆತ್ತದ ಕುರ್ಚಿ ಇಟ್ಕೊಂಡಿರೋರಿಗೆಲ್ಲ ವಯಸ್ಸಾಗಿರುತ್ತೆ."

ಭಾವ ನಿವೃತ್ತ ಅಂಚೆಯವನು. ಮೂಲೆಯಲ್ಲಿ ಕೂತು ಬೆತ್ತದ ಸಿಬಿರು ತೆಗೆಯುತ್ತಿದ್ದ. "ಮೂವತ್ತು ವರ್ಷ ಕಾಗದ ಹಂಚಿದೀನಿ ಕಣೋ," ಎಂದ. "ಬರೆಯೋದು ದೊಡ್ಡದಲ್ಲ, ತಲುಪಬೇಕು. ಅದೊಂದು ನೋಡ್ಕೋ."

ಅಂಚೆಯವನಿಂದ ನಾನು ವೆಬ್‌ಸೈಟ್ ಕಲಿಯಬೇಕೇ? ನಕ್ಕುಬಿಟ್ಟೆ.

ಅವತ್ತು ಸಂಜೆ ಅಕ್ಕನ ಕಿಟಕಿಯ ಪಕ್ಕವೇ ಕೂತು, ವೆಬ್‌ಸೈಟ್ ಕಟ್ಟಿಕೊಡುವ ತಾಣಗಳನ್ನು ಒಂದೊಂದಾಗಿ ತೆರೆದೆ. ಜಗತ್ತಿನಲ್ಲಿ ಅಂಥ ತಾಣಗಳು ಮರಳಿನ ಕಣಗಳಷ್ಟಿವೆ. ನಾನು ನೋಡಿದ್ದು ಮೂರು. ಮೊದಲನೆಯದು ಬೋಳು ಬೋಳು. ಬಿಳಿ ಹಾಳೆ, ಕಪ್ಪು ಅಕ್ಷರ. ಹೆಸರು ಕೊಡುವ ಮೊದಲೇ ಅದು ಕೇಳಿದ ಪ್ರಶ್ನೆ: 'ಗಿರಾಕಿಗಳು ಬರೆದದ್ದು ಯಾರಿಗೆ ತಲುಪಬೇಕು? ಅವರ ಫೋನ್ ನಂಬರ್ ಕೊಡಿ.' ಶಾಲೆಗೆ ಸೇರಿಸುವಾಗ ಕೇಳಿದಂತೆ! ಮುಚ್ಚಿಬಿಟ್ಟೆ. ಎರಡನೆಯದು ಸಾಮಾನು ಮಾರುವವರಿಗೆ ಅಂತಲೇ ಇದ್ದದ್ದು. ಅಕ್ಕ ಮಾರುವುದು ಏನೂ ಇಲ್ಲ. ಮೂರನೆಯದನ್ನು ತೆರೆದೆ ನೋಡಿ, ಕಣ್ಣು ಕೋರೈಸಿತು. ನೂರಾರು ಸಿದ್ಧ ಮಾದರಿಗಳು. ಅದರಲ್ಲೊಂದು ಐಷಾರಾಮಿ ಹೋಟೆಲಿನದು: ಪರದೆಗಳು ತಾವಾಗಿಯೇ ಸರಿಯುತ್ತಿದ್ದವು, ಚಿತ್ರಗಳು ತೇಲಿ ಬರುತ್ತಿದ್ದವು, ಅಕ್ಷರಗಳು ಚಿನ್ನದವು.

"ಇದೇ," ಎಂದೆ.

"ಇದು ಹೋಟೆಲ್ಲಲ್ವೇನೋ?" ಎಂದಳು ಅಕ್ಕ, ಬೆತ್ತ ಎಳೆಯುತ್ತಲೇ.

"ಹೋಟೆಲ್‌ನಲ್ಲೂ ಕುರ್ಚಿ ಇರುತ್ತಲ್ಲ ಅಕ್ಕಾ."

'ಕೊಠಡಿ ಕಾಯ್ದಿರಿಸಿ' ಎಂದಿದ್ದಲ್ಲಿ 'ಕುರ್ಚಿ ರಿಪೇರಿಗೆ ಬರೆಯಿರಿ' ಎಂದು ಹಾಕಿದೆ. ಕೊಠಡಿಗಳ ಚಿತ್ರವಿದ್ದಲ್ಲಿ ಅಕ್ಕ ಹೆಣೆದ ನಾಲ್ಕು ಕುರ್ಚಿಗಳ ಫೋಟೋ ಕೂರಿಸಿದೆ. ಈಜುಕೊಳದ ಚಿತ್ರ ಎಷ್ಟು ಗುದ್ದಾಡಿದರೂ ಹೋಗಲಿಲ್ಲ. ಅದರ ದಡದಲ್ಲೂ ಎರಡು ಒರಗು ಕುರ್ಚಿಗಳಿದ್ದದ್ದರಿಂದ, ಇರಲಿ, ವಿಷಯಕ್ಕೆ ಸಂಬಂಧಪಟ್ಟದ್ದೇ ಎಂದು ಬಿಟ್ಟೆ. ಫೋನ್ ನಂಬರ್ ಹಾಕಿದರೆ ಚಿನ್ನದ ಅಕ್ಷರಗಳ ಮಧ್ಯೆ ಬಡವಾಗಿ ಕಾಣುತ್ತಿತ್ತು, ತೆಗೆದೆ. ವಿಳಾಸ ಮೂರು ಸಾಲು ಉದ್ದವಿತ್ತು. ಅದರ ಬದಲು 'ನಗರದ ಹೃದಯಭಾಗದಲ್ಲಿ' ಎಂದು ಹಾಕಿದೆ. ಎಷ್ಟು ಗಂಭೀರ! ತಾಣ ಒಂದು ಇಮೇಲ್ ಕೇಳಿತು. ನನ್ನ ಹಳೆಯ ಇಮೇಲ್ ಈ ಘನತೆಗೆ ಸಾಲದೆಂದು 'ವ್ಯವಸ್ಥಾಪಕ ನಿರ್ದೇಶಕ' ಎಂಬರ್ಥದ ಹೊಸದೊಂದನ್ನು ಹುಟ್ಟಿಸಿ, ಕಳ್ಳರ ತಾತನೂ ಊಹಿಸಲಾರದಂಥ ಪಾಸ್‌ವರ್ಡ್ ಇಟ್ಟೆ. ಮರುದಿನ ಅದನ್ನು ನನಗೇ ಊಹಿಸಲಾಗಲಿಲ್ಲ. ಇರಲಿ, ಇಮೇಲ್ ಯಾಕೆ ಬೇಕು, ಸೈಟಂತೂ ಫಳಫಳ ಹೊಳೆಯುತ್ತಿದೆಯಲ್ಲ!

ಆ ಭಾನುವಾರ ಭಾವನ ಹಳೆಯ ಜೊತೆಗಾರರು ಮನೆಗೆ ಬಂದಿದ್ದರು. ಅವರ ಮುಂದೆ ಫೋನ್ ಹಿಡಿದು ಪರದೆ ಸರಿಯುವುದನ್ನು ತೋರಿಸಿದೆ, ತೋರಿಸಿದೆ, ಮತ್ತೆ ತೋರಿಸಿದೆ. "ಇದನ್ನ ಕಟ್ಟೋಕೆ ಬೇರೆಯವ್ರಿಗೆ ಆರು ತಿಂಗಳು ಬೇಕು" ಎಂದೆ. ಅಕ್ಕ ಬಾಗಿಲ ಬಳಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಯಾಕೋ ಹತ್ತರಿಂದ ಭಾಗಿಸಲಿಲ್ಲ. ಮೆಚ್ಚಿದಳು ಎಂದುಕೊಂಡೆ.

ಮೂರು ತಿಂಗಳು ಕಳೆಯಿತು. ಸೈಟು ನೋಡಿ ಒಬ್ಬನೇ ಒಬ್ಬ ಗಿರಾಕಿ ಬರಲಿಲ್ಲ. "ಜನಕ್ಕೆ ರುಚಿ ಇಲ್ಲ ಅಕ್ಕಾ" ಎಂದೆ. ಅಕ್ಕ, "ಹೌದೇನೋ. ನನ್ನ ಕೆಲಸ ಯಾರಿಗೂ ಬೇಡವೇನೋ ಈಗ" ಎಂದಳು. ಅವಳ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಆ ವಾರವೇ ಅವಳು ಬೀಗದವನಿಗೆ, ಒಂದನೇ ತಾರೀಖಿನಿಂದ ಮುಂದಿನ ಕೋಣೆ ನಿನಗೆ ಎಂದು ಮಾತು ಕೊಟ್ಟಳು.

ಬೀಗದವನು ಖುಷಿಯಲ್ಲಿ ನನ್ನನ್ನು ಹಿಡಿದುಕೊಂಡ. "ಗುರುವೇ, ನಂಗೂ ಒಂದು ಸೈಟ್ ಮಾಡ್ಕೊಡಿ. ಅದ್ರ ಒಳಗಡೆ ಹೆಂಗಿರುತ್ತೆ ತೋರ್ಸಿ ಮೊದಲು."

ಗುರುವೇ ಎಂದ ಮೇಲೆ ಕೇಳಬೇಕೆ? ಆದರೆ ಒಳಗೆ ಹೋಗಲು ಪಾಸ್‌ವರ್ಡ್ ಬೇಕು. ಏಳು ಸಲ ಹಾಕಿದೆ, ಏಳೂ ತಪ್ಪು.

"ಏನ್ ಗುರುವೇ, ನಿಮ್ಮ ಮನೆ ಬೀಗ ನಿಮಗೇ ತೆಗೆಯೋಕೆ ಬರಲ್ವಾ? ನಾನು ಯಾವ ಬೀಗ ಬೇಕಾದ್ರೂ ತೆಗೀತೀನಿ, ಇದೊಂದು ಬಿಟ್ಟು." ಅವನು ಕಿಸಿಕಿಸಿ ನಕ್ಕ. ಕೊನೆಗೆ ನನ್ನ ಫೋನಿಗೆ ಬಂದ ಸಂಖ್ಯೆ ಹಾಕಿ ಹೊಸ ಪಾಸ್‌ವರ್ಡ್ ಮಾಡಿಕೊಂಡು ಒಳಗೆ ಹೋದೆ.

ಮೂಲೆಯಲ್ಲಿ ಒಂದು ಕೆಂಪು ಬೊಟ್ಟು. ಅದರೊಳಗೆ 41.

"ಇದೇನಿದು ನಲವತ್ತೊಂದು?" ಬೀಗದವನು ಬಗ್ಗಿದ.

"ಅದಾ... ಅಭಿನಂದನೆ ಪತ್ರಗಳು," ಎಂದೆ. ಒತ್ತಿದೆ.

ಅವು ಅಭಿನಂದನೆಗಳಲ್ಲ. 'ನಮ್ಮ ತಾಯಿ ಕೂರುವ ಕುರ್ಚಿ, ಒಂದೇ ಇದೆ, ಎಷ್ಟು ದಿನ ಹಿಡಿಯುತ್ತದೆ?' 'ನಿಮ್ಮ ಅಂಗಡಿ ಯಾವ ಬೀದಿಯಲ್ಲಿ? ಹೃದಯಭಾಗವನ್ನೆಲ್ಲ ಸುತ್ತಿದೆ, ಸಿಗಲಿಲ್ಲ.' 'ತೊಟ್ಟಿಲಿನ ತಳ ಹೆಣೆದುಕೊಡುತ್ತೀರಾ? ಮುಂದಿನ ತಿಂಗಳು ಮಗು ಬರುತ್ತದೆ.' ಒಬ್ಬನಂತೂ, ಈಜುಕೊಳಕ್ಕೆ ಮಕ್ಕಳನ್ನು ಬಿಡುತ್ತೀರಾ ಎಂದು ಕೇಳಿದ್ದ. ಬೀಗದವನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನನ್ನ ಮುಖ ನೋಡಿದ. ನಗು ನಿಲ್ಲಿಸಿ, ಯಾವುದೋ ಬೀಗವನ್ನು ಎತ್ತಿಕೊಂಡು ಉಜ್ಜತೊಡಗಿದ. ಅವನು ನಗುತ್ತಲೇ ಇದ್ದಿದ್ದರೆ ಚೆನ್ನಾಗಿತ್ತು.

ಒಂದು ಗ್ರಂಥಾಲಯದಿಂದ ಮೂರು ಪತ್ರಗಳಿದ್ದವು. ಓದುವ ಕೋಣೆಯಲ್ಲಿ ಅರವತ್ತನಾಲ್ಕು ಬೆತ್ತದ ಕುರ್ಚಿಗಳು, ಎಲ್ಲವೂ ಹರಿದಿವೆ, ನಿಮ್ಮ ಹೆಣಿಗೆಯ ಫೋಟೋ ಇಷ್ಟವಾಯಿತು, ಬಂದು ನೋಡಿ ಎಂದು ಮೊದಲನೆಯದು. ಎರಡನೆಯದು ನೆನಪೋಲೆ. ಮೂರನೆಯದು ಹತ್ತು ದಿನದ ಹಿಂದಿನದು: ಈ ವಾರ ನಿಮ್ಮಿಂದ ಉತ್ತರ ಬಾರದಿದ್ದರೆ ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತೇವೆ.

ಅರವತ್ತನಾಲ್ಕು! ಒಂದು ಕುರ್ಚಿಗೆ ಎರಡು ದಿನ ಹಿಡಿದರೂ ನಾಲ್ಕು ತಿಂಗಳಿಗೂ ಮಿಕ್ಕಿ ಕೆಲಸ. ಕಿಟಕಿ ಉಳಿಯುತ್ತಿತ್ತು. ಉಳಿದ ಪತ್ರಗಳನ್ನು ಓದದೆ ಎದ್ದು ಓಡಿದೆ. ಎರಡು ಬಸ್ಸು ಬದಲಾಯಿಸಿ ಗ್ರಂಥಾಲಯ ಮುಟ್ಟುವ ಹೊತ್ತಿಗೆ ಸುತ್ತಿಗೆಯ ಸದ್ದು ಮೆಟ್ಟಿಲಿನವರೆಗೂ ಕೇಳುತ್ತಿತ್ತು.

ಓದುವ ಕೋಣೆಯಲ್ಲಿ ಬಡಗಿಯೊಬ್ಬ ಕುರ್ಚಿಗಳ ಚೌಕಟ್ಟಿಗೆ ಪ್ಲೈವುಡ್ ಹೊಡೆಯುತ್ತಿದ್ದ. ಮುಗಿದವು ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದವು. ಕಿತ್ತ ಬೆತ್ತ ಮೂಲೆಯಲ್ಲಿ ರಾಶಿ ಬಿದ್ದಿತ್ತು.

ಗ್ರಂಥಪಾಲಕಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಯಾರು ಬೇಕಿತ್ತು?"

ವ್ಯವಸ್ಥಾಪಕ ನಿರ್ದೇಶಕ ಎನ್ನಲು ನಾಲಿಗೆ ಏಳಲಿಲ್ಲ. "ಬೆತ್ತದ ಕುರ್ಚಿ ರಿಪೇರಿ ಮಾಡ್ತಾರಲ್ಲ... ಅವರ ತಮ್ಮ."

"ಓ! ಈಜುಕೊಳದವ್ರು." ಅವರು ವ್ಯಂಗ್ಯವಾಗಿ ಹೇಳಲಿಲ್ಲ, ನಿಜವಾಗಿಯೂ ಗುರುತು ಹಿಡಿದಂತೆ ಹೇಳಿದರು. "ಮೂರು ಸಲ ಬರೆದೆ ನೋಡಿ. ಫೋನ್ ಮಾಡೋಣ ಅಂದ್ರೆ ನಂಬರ್ ಇಲ್ಲ, ಬರೋಣ ಅಂದ್ರೆ ವಿಳಾಸ ಇಲ್ಲ. ದೊಡ್ಡ ಕಂಪನಿ ಇರಬೇಕು, ನಮ್ಮಂಥವ್ರ ಸಣ್ಣ ಕೆಲಸ ಬೇಡವೇನೋ ಅಂದ್ಕೊಂಡೆ."

ಜೀವಮಾನವಿಡೀ ನಾನು ಕೇಳಬಯಸಿದ್ದ ಮಾತದು: ದೊಡ್ಡ ಕಂಪನಿ ಇರಬೇಕು! ಅದು ನಿಜವಾಗಿ ಕಿವಿಗೆ ಬಿದ್ದಾಗ, ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ನಾನು ನಿಂತೇ ಇದ್ದೆ. ಅವರಿಗೆ ಏನನ್ನಿಸಿತೋ, ತಾವು ಕೂತಿದ್ದ ಕುರ್ಚಿಯಿಂದ ಎದ್ದರು. ಅದರ ಬೆತ್ತ ನಡುವೆ ಹರಿದಿತ್ತು. ಮೇಲೊಂದು ದಿಂಬು ಹಾಕಿಕೊಂಡಿದ್ದರು. "ಇದಕ್ಕೆ ಮಾತ್ರ ಹಲಗೆ ಹೊಡೀಬೇಡ ಅಂದಿದ್ದೆ. ತಗೊಂಡೋಗಿ. ನಿಮ್ಮಕ್ಕ ಹೆಣೆದುಕೊಡ್ತಾರಾ ಕೇಳಿ."

ಅರವತ್ತನಾಲ್ಕರ ಬದಲು ಒಂದು. ಅಕ್ಕನ ಭಾಗಾಕಾರಕ್ಕಿಂತಲೂ ಕಡಿಮೆ. ಅದನ್ನು ಹೊತ್ತುಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್, "ಕುರ್ಚಿ ನೀವೇ ತಂದಿದೀರಲ್ಲ, ಕೂತ್ಕೊಳ್ಳಿ ಸ್ವಾಮಿ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ತಲೆಯೆತ್ತದೆ ಕುರ್ಚಿಯ ಕಾಲು ಹಿಡಿದುಕೊಂಡು ನಿಂತಿದ್ದೆ. ಹಾಗೆ ನಿಂತೇ, ನಾಚಿಕೆಗೇಡು ನೋಡಿ, ಒಂದು ಸುಳ್ಳನ್ನು ಹೆಣೆಯತೊಡಗಿದೆ. ಉದ್ದಕ್ಕೆ, ಅಡ್ಡಕ್ಕೆ, ಓರೆಗೆ.

ಅಂಗಡಿಯಲ್ಲಿ ಅಕ್ಕ ಮುಂದಿನ ಕೋಣೆಯ ಸಾಮಾನುಗಳನ್ನು ಹಿಂದಕ್ಕೆ ಸಾಗಿಸುತ್ತಿದ್ದಳು. ಭಾವ ಬೆತ್ತದ ಸುರುಳಿಗಳನ್ನು ಕಟ್ಟುತ್ತಿದ್ದ.

"ಯಾರದೋ ಕುರ್ಚಿ?"

"ಅಕ್ಕಾ, ಒಂದು ದೊಡ್ಡ ಅನಾಹುತ ಆಗಿದೆ. ಆ ಸೈಟ್ ಕಂಪನಿದು ಸರ್ವರ್ ಬಿದ್ದೋಗಿತ್ತಂತೆ. ಇಡೀ ಪ್ರಪಂಚದಲ್ಲಿ! ಕೋಟಿ ಜನಕ್ಕೆ ಹೀಗಾಗಿದೆ. ಮೂರು ತಿಂಗಳಿಂದ ಬಂದ ಪತ್ರ ಎಲ್ಲ ಈಗ ಬಂದಿದೆ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಭೂಮಂಡಲವೇ ಡೊಂಕು ಎಂದೆ.

ಅಕ್ಕ ಕುರ್ಚಿಯನ್ನು ತಿರುವಿ ಹಾಕಿ ತೂತುಗಳ ಮೇಲೆ ಬೆರಳಾಡಿಸಿದಳು. "ಎಷ್ಟು ಪತ್ರ?"

"ನಲವತ್ತೊಂದು."

"ನಾಲ್ಕಾ?"

"ಇಲ್ಲ ಅಕ್ಕಾ." ನನ್ನ ದನಿ ನನಗೇ ಕೇಳಿಸಲಿಲ್ಲ. "ನಲವತ್ತೊಂದೇ. ಭಾಗಿಸಬೇಡ."

ಅವಳ ಬೆರಳು ನಿಂತಿತು. ಭಾವನೂ ಕಟ್ಟುವುದನ್ನು ನಿಲ್ಲಿಸಿದ. ಅಕ್ಕ ಹೇಳಿದಳು, "ಸರ್ವರ್ ಏನೂ ಬಿದ್ದಿಲ್ಲ ಬಿಡು. ನಾನು ಮೊದಲನೇ ದಿನಾನೇ ಕೂತು ನೋಡಿದ್ದೆ."

"ಏನು?"

"ಅದೇ, ನಿನ್ನ ಸೈಟಲ್ಲಿ. ನೀನು ಕೂರಲಿಲ್ಲವಲ್ಲ, ನಾನಾದ್ರೂ ಕೂರೋಣ ಅಂತ ಭಾವನ ಫೋನಲ್ಲಿ ಒಂದು ಕಾಗದ ಬರೆದೆ. ನಿನ್ನಿಂದ ಮಾತೇ ಬರಲಿಲ್ಲ."

ಫೋನು ತೆಗೆದು ಪಟ್ಟಿಯ ತಳಕ್ಕೆ ಹೋದೆ. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಹಳೆಯದು. ಹೋಟೆಲಿನ ಆ ಅರ್ಜಿಯಲ್ಲಿ ನಾನು ತೆಗೆಯಲು ಮರೆತ ಖಾನೆಗಳನ್ನೂ ಅವಳು ಬಿಡದೆ ತುಂಬಿದ್ದಳು.

ಹೆಸರು: ಅಕ್ಕ.
ಬರುವ ದಿನ: ಇವತ್ತು.
ಹೋಗುವ ದಿನ: ಗೊತ್ತಿಲ್ಲ.
ಎಷ್ಟು ಜನ: ಒಬ್ಬಳೇ.
ನಿಮ್ಮ ಸಂದೇಶ: ತಮ್ಮಾ ಕೂತು ನೋಡ್ತಾ ಇದೀನಿ. ಚಹಾ ಮುಗೀತು. ನಿನಗೆ ಸಿಕ್ಕಿದ್ರೆ ಹೇಳು. ತುಂಬ ಚೆನ್ನಾಗಿದೆ.

"ಮತ್ತೆ ಯಾಕೆ ಹೇಳಲಿಲ್ಲ?" ಎಂದೆ. ಬೈದಂತೆ ಕೇಳಿಸಿತು, ಬೈಯಬೇಕಾದವಳು ಅವಳು.

"ಅವತ್ತು ಅಷ್ಟು ಜನದ ಮುಂದೆ ಆ ಪರದೆ ಸರಿಸಿ ಸರಿಸಿ ತೋರಿಸ್ತಿದ್ದೆ. ಹೇಗೆ ಹೇಳಲಿ? ಆಮೇಲೆ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನನಗೇ ಅನುಮಾನ ಬಂತು, ನಾನೇ ಎಲ್ಲೋ ತಪ್ಪು ಒತ್ತಿರಬೇಕು ಅಂತ. ನೀನು ಇಷ್ಟೆಲ್ಲ ತಿಳಿದೋನು."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಬಡಾಯಿಯ ಅಷ್ಟೂ ಮಾತುಗಳಲ್ಲಿ ಒಂದನ್ನು, ಇದೊಂದನ್ನು, ಅಕ್ಕ ಭಾಗಿಸದೆ ನಂಬಿದ್ದಳು. ಮೂರು ತಿಂಗಳು ತಪ್ಪು ತನ್ನದೆಂದುಕೊಂಡು ಆ ಕಿಟಕಿಯ ಬಳಿ ಕೂತಿದ್ದಳು. ಜನಕ್ಕೆ ರುಚಿಯಿಲ್ಲ ಎಂದು ನಾನು ಹೇಳಿದಾಗ, ನನ್ನ ಕೆಲಸ ಯಾರಿಗೂ ಬೇಡ ಎಂದುಕೊಂಡಿದ್ದಳು.

ಎಲ್ಲವನ್ನೂ ಹೇಳಿದೆ. ನಂಬರು ತೆಗೆದದ್ದು, ವಿಳಾಸ ತೆಗೆದದ್ದು, ಪಾಸ್‌ವರ್ಡ್ ಮರೆತದ್ದು, ಅರವತ್ತನಾಲ್ಕು ಕುರ್ಚಿ, ಪ್ಲೈವುಡ್, ಸುತ್ತಿಗೆ. ಬದುಕಿನಲ್ಲಿ ಮೊದಲ ಬಾರಿಗೆ ಇದ್ದದ್ದನ್ನು ಇದ್ದಷ್ಟೇ ಹೇಳಿದ್ದರಿಂದ ಬೇಗ ಮುಗಿದುಹೋಯಿತು.

ಭಾವ ಮಾತ್ರ ತಲೆಯಾಡಿಸಿದ. "ಮೂವತ್ತು ವರ್ಷದಲ್ಲಿ ನಾನು ಕಳೆದದ್ದು ಒಂದು ಕಾಗದ. ಅದೂ ನಾಯಿ ಕಿತ್ಕೊಂಡು ಹೋಗಿದ್ದು."

"ಬೀಗದವನಿಗೆ ಹೇಳ್ಲಾ ಅಕ್ಕಾ, ಕೋಣೆ ಬಿಡಲ್ಲ ಅಂತ?"

"ಮಾತು ಕೊಟ್ಟಾಗಿದೆ." ಅಕ್ಕ ಕಿಟಕಿಯ ಕಡೆ ಒಮ್ಮೆ ನೋಡಿದಳು, ಅಷ್ಟೇ. "ನೀನೀಗ ಕೂತ್ಕೋ. ಅಷ್ಟೂ ಜನಕ್ಕೆ ಉತ್ತರ ಬರಿ. ನನ್ನ ಮುಂದೆನೇ."

ಹರಿದ ಆ ಕುರ್ಚಿಯನ್ನೇ ತೋರಿಸಿದಳು. ಅದರ ಚೌಕಟ್ಟಿನ ಅಂಚಿನ ಮೇಲೆ, ನಡುವಿನ ತೂತಿಗೆ ಬೀಳದಂತೆ ಕೂತು ಬರೆಯತೊಡಗಿದೆ. 'ಅತ್ಯಂತ ಗೌರವಾನ್ವಿತ ಗ್ರಾಹಕ ಮಹೋದಯರೇ, ಅನಿರೀಕ್ಷಿತ ತಾಂತ್ರಿಕ...' ಎಂದು ಶುರು ಮಾಡಿ ಓದಿದೆ.

"ಅಳಿಸು," ಎಂದಳು ಅಕ್ಕ. "ತಪ್ಪು ನಮ್ಮದು, ನಿಮ್ಮ ಕಾಗದ ನಾವು ನೋಡಲಿಲ್ಲ ಅಂತ ಬರಿ. ಫೋನ್ ನಂಬರ್ ಹಾಕು. ಮುಗೀತು."

"ನಾವು ಅಂತ ಬೇಡ ಅಕ್ಕಾ. ನಾನು ಅಂತ ಬರೀತೀನಿ."

ನಲವತ್ತು ಸಲ ಅದೇ ಎರಡು ಸಾಲು ಬರೆದೆ. ಹೆರಿಗೆಯ ದಿನ ದಾಟಿಹೋದ ತೊಟ್ಟಿಲಿನವರಿಗೆ, ತಡವಾಯಿತು ಎಂಬ ಮೂರನೆಯ ಸಾಲನ್ನೂ ಸೇರಿಸಿದೆ. ಈಜುಕೊಳದವನಿಗೂ ಬರೆದೆ: ಈಜುಕೊಳ ಇಲ್ಲ, ನೀರಿನ ತೊಟ್ಟಿಯೊಂದಿದೆ, ಅದು ಬೆತ್ತಕ್ಕೆ.

ಒಂದನೇ ತಾರೀಖು ಬೀಗದವನು ಮುಂದಿನ ಕೋಣೆಗೆ ಬಂದ. ಕಿಟಕಿಯ ತುಂಬ ಈಗ ಬೀಗಗಳು ನೇತಾಡುತ್ತವೆ. ಸೈಟನ್ನು ಕಿತ್ತು ಮೊದಲನೆಯ ಆ ಬೋಳು ತಾಣದಲ್ಲಿ ಮತ್ತೆ ಕಟ್ಟಿದೆ. ಬಿಳಿ ಹಾಳೆ, ದಪ್ಪ ಕಪ್ಪು ಅಕ್ಷರ, ಫೋನ್ ನಂಬರ್, ಮೂರು ಸಾಲಿನ ವಿಳಾಸ. 'ಬೀಗದ ಅಂಗಡಿಯೊಳಗಿಂದ ಹಿಂದಕ್ಕೆ ಬನ್ನಿ' ಎಂಬ ನಾಲ್ಕನೆಯ ಸಾಲು ಬರೆಯುವಾಗ ನನ್ನ ಕುತ್ತಿಗೆ ಬಗ್ಗಿತು. ಈಗಲೂ ಅದನ್ನು ನೋಡಿದರೆ ಬಗ್ಗುತ್ತದೆ. ಬರೆದವರಲ್ಲಿ ಐದು ಜನ ಫೋನ್ ಮಾಡಿದರು. ಐದೇ. ಹೆಚ್ಚು ಹೇಳುವ ಆಸೆಯಿದೆ, ಹೇಳುವುದಿಲ್ಲ.

ಗ್ರಂಥಪಾಲಕಿಯ ಕುರ್ಚಿ ಮುಗಿದ ದಿನ ಅಕ್ಕ ಟ್ಯೂಬ್‌ಲೈಟಿನ ಕೆಳಗೆ ಅದರಲ್ಲಿ ಕೂತು ಚಹಾ ಕುಡಿಯುತ್ತಿದ್ದಳು. ಮುಂದಿನ ಕೋಣೆಯಲ್ಲಿ ಬೀಗದವನ ಕೀಲಿ ಉಜ್ಜುವ ಅರ ಕಿರ್ರೆನ್ನುತ್ತಿತ್ತು. ನಾನು ಗೋಡೆಗೆ ಒರಗಿ, ಇನ್ನೂ ಉತ್ತರ ಬರೆಯದೆ ಉಳಿಸಿಕೊಂಡಿದ್ದ ನಲವತ್ತೊಂದನೆಯದನ್ನು ತೆರೆದೆ. ಹೋಗುವ ದಿನ: ಗೊತ್ತಿಲ್ಲ. ಎಷ್ಟು ಜನ: ಒಬ್ಬಳೇ. ಏನೇನೋ ಬರೆದೆ, ಅಳಿಸಿದೆ. ಕೊನೆಗೆ ಎರಡೇ ಪದ ಉಳಿದವು.

ಭಾವನ ಫೋನು ಅವಳ ಮಡಿಲಲ್ಲಿ ಸದ್ದು ಮಾಡಿತು. ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಗಟ್ಟಿಯಾಗಿ ಓದಿದಳು.

"'ಸಿಕ್ಕಿತು ಅಕ್ಕಾ.'"

ನನ್ನ ಕಡೆ ನೋಡಲಿಲ್ಲ. ಲೋಟದಲ್ಲಿ ಇನ್ನೂ ಅರ್ಧ ಚಹಾ ಇತ್ತು. ಅದು ಮುಗಿಯುವ ತನಕ ಕೂತೇ ಇದ್ದಳು.